ಅಪ್ಪಾಜಿಗೆ 74 ವರ್ಷ, ಲೈಸೆನ್ಸ್ ಇನ್ನೂ ನಾಲ್ಕು ವರ್ಷ ಇದೆ. ಹಿರಿಯರಿಗೆ ಮತ್ತೆ ಡ್ರೈವಿಂಗ್ ಟೆಸ್ಟ್ ಬೇಕಾ?

ವಿದ್ಯಾನಗರದ ಮಗ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಯೋಚನೆ ಮಾಡಿದೆ. ಮನೆಯ ವಿಷಯ. ಆದರೆ ನಮ್ಮ ದಾವಣಗೆರೆಯಲ್ಲಿ, ನಮ್ಮ ರಸ್ತೆಯಲ್ಲೇ, ಇಂಥ ಮನೆ ಐದಾರು ಇವೆ. ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪಾಜಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಮೊದಲು ಲೂನಾ, ಆಮೇಲೆ ಬಜಾಜ್ ಸ್ಕೂಟರ್, ಈಗ ಹದಿನೆಂಟು ವರ್ಷದಿಂದ ಕಾರು. ಇಷ್ಟು ವರ್ಷದಲ್ಲಿ ಒಂದು ಸಲವೂ ದಂಡ ಕಟ್ಟಿದವರಲ್ಲ. ವಾರಕ್ಕೆ ಎರಡು ಸಲ ಆನಗೋಡಿನ ಹತ್ತಿರ ಇರುವ ಹೊಲಕ್ಕೆ ತಾವೇ ಓಡಿಸಿಕೊಂಡು ಹೋಗುತ್ತಾರೆ. ಪಕ್ಕದಲ್ಲಿ ಅಮ್ಮ.

ಮೊನ್ನೆ ಸಂಜೆ ಆರೂವರೆ ಆಗಿತ್ತು. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಗಲು ಹಾಕಿದ್ದರು. ನಿಮಗೆಲ್ಲ ಗೊತ್ತಲ್ಲ, ಅರ್ಧ ರಸ್ತೆಗೆ ಕಾಳು, ಅದರ ಅಂಚಿಗೆ ಸಾಲಾಗಿ ಕಲ್ಲು. ಅಪ್ಪಾಜಿಗೆ ಆ ಕಲ್ಲು ಕಂಡಿದ್ದು ತೀರಾ ಹತ್ತಿರ ಬಂದಾಗ. ಒಮ್ಮೆಲೇ ಬಲಕ್ಕೆ ಎಳೆದರು. ಸೈಕಲ್ ಮೇಲೆ ಬರುತ್ತಿದ್ದ ಹುಡುಗಿಗೆ ಕನ್ನಡಿ ತಾಗಿ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ದೇವರು ದೊಡ್ಡವನು. ಅವರ ಮನೆಯವರೂ ಒಳ್ಳೆಯವರು, ಅಪ್ಪಾಜಿಗೇ ನೀರು ಕೊಟ್ಟು ಕೂರಿಸಿದರಂತೆ. ಮನೆಗೆ ಬಂದವರು ಒಂದೇ ಮಾತು ಹೇಳಿದರು: "ಎದುರಿನ ಗಾಡಿ ಲೈಟ್ ಕಣ್ಣಿಗೆ ಹೊಡೆಯಿತು, ಆಮೇಲೆ ಏನೂ ಕಾಣಲಿಲ್ಲ." ಆ ರಾತ್ರಿ ಊಟ ಮಾಡಲಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ. ಕಳೆದ ವರ್ಷ ಲೈಸೆನ್ಸ್ ನವೀಕರಣಕ್ಕೆ ಅವರನ್ನು ಕರೆದುಕೊಂಡು ಹೋದವನು ನಾನೇ. 40 ದಾಟಿದವರಿಗೆ ಫಾರಂ 1ಎ, ಅಂದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಒಂದು ಕ್ಲಿನಿಕ್‌ಗೆ ಹೋದೆವು. ಬಿಪಿ ನೋಡಿದರು, ಸಹಿ ಹಾಕಿದರು, ಸೀಲ್ ಹೊಡೆದರು. ಎರಡು ನಿಮಿಷ. ಒಂದು ಅಕ್ಷರವನ್ನೂ ಓದಿಸಲಿಲ್ಲ. ಕೆಲಸ ಬೇಗ ಆಯಿತು ಎಂದು ನಾನೂ ಖುಷಿಪಟ್ಟೆ. ಆವತ್ತು ಯಾರಾದರೂ ಸರಿಯಾಗಿ ಕಣ್ಣು ನೋಡಿದ್ದರೆ ಆ ಮಗು ಬೀಳುತ್ತಿರಲಿಲ್ಲವೇನೋ.

55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ. ಸಮಯಕ್ಕೆ ಸರಿಯಾಗಿ ಹೋದರೆ ಗಾಡಿ ಓಡಿಸಿ ತೋರಿಸುವ ಪ್ರಶ್ನೆಯೇ ಇಲ್ಲ. ಒಂದು ವಯಸ್ಸು ದಾಟಿದವರಿಗೆ ಮತ್ತೆ ಟೆಸ್ಟ್ ಇಡಬೇಕು ಎಂದು ನನಗೆ ಅನಿಸುತ್ತಿದೆ. ನಿಮಗೆ ಏನನಿಸುತ್ತದೆ? ಬೈದರೂ ಪರವಾಗಿಲ್ಲ.

ಕೆಟಿಜೆ ನಗರದ ಹುಡುಗ

ಅಣ್ಣ, ಆ ಹುಡುಗಿ ಹುಷಾರಾಗಿದ್ದಾಳಲ್ಲ, ಅದೇ ದೊಡ್ಡದು. ಆದರೆ ಟೆಸ್ಟ್ ಹಿರಿಯರಿಗೇ ಯಾಕೆ? 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದ ಒಳಗಿನವರು. ನನ್ನ ವಯಸ್ಸಿನವರು. ಸಂಜೆ ಹದಡಿ ರಸ್ತೆಗೆ ಬಂದು ನೋಡಿ. ವೀಲಿಂಗ್ ಮಾಡುವವರು, ಮೂರು ಜನ ಕೂತು ಮೊಬೈಲ್ ನೋಡುತ್ತಾ ಬರುವವರು. ಅವರಲ್ಲಿ ಒಬ್ಬ ತಾತನನ್ನಾದರೂ ತೋರಿಸಿ. ನನ್ನ ಗೆಳೆಯನೊಬ್ಬ ಹೋಗಿದ್ದೂ ಹೀಗೇ. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕ್ ಮೇಲಿತ್ತು.

ಹರಿಹರದ ಟೀಚರ್

ಗೆಳೆಯನ ವಿಷಯ ಓದಿ ಸಂಕಟವಾಯಿತು ತಮ್ಮಾ. ಹುಡುಗರ ವೇಗಕ್ಕೆ ಪೊಲೀಸರಿದ್ದಾರೆ, ಕ್ಯಾಮೆರಾ ಇದೆ, ದಂಡ ಇದೆ. ಅದು ಸಾಲದು, ಒಪ್ಪುತ್ತೇನೆ. ಆದರೆ ಕಣ್ಣು ಮಂಜಾದವರನ್ನು ಹಿಡಿಯಲು ಯಾವ ಕ್ಯಾಮೆರಾ ಇದೆ? ಅವರು ನಿಧಾನ ಹೋಗುತ್ತಾರೆ, ಹೆಲ್ಮೆಟ್ ಹಾಕುತ್ತಾರೆ, ಎಲ್ಲಾ ಕಾಗದ ಇಟ್ಟುಕೊಂಡಿರುತ್ತಾರೆ. ಇನ್ನೊಂದು ಮಾತು. ಹುಡುಗನೊಬ್ಬ ಬಿದ್ದು ಎದ್ದು ಹೋಗುವಂಥ ಪೆಟ್ಟಿಗೆ 75ರವರ ಸೊಂಟ ಮುರಿಯುತ್ತದೆ. ಆಮೇಲೆ ಅವರು ಮಂಚ ಬಿಟ್ಟು ಏಳುವುದೇ ಕಷ್ಟ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಮಾವನವರಿಗೆ 79 ಆದಾಗ ನಾವೇ ಸ್ಕೂಟರ್ ಕೀ ತೆಗೆದಿಟ್ಟೆವು. ಎರಡು ಸಲ ಗೇಟಿಗೆ ಗುದ್ದಿದ್ದರು. ಕೀ ತೆಗೆದಿಟ್ಟವಳು ನಾನು, ಸೊಸೆ. ನನ್ನ ಗಂಡನಿಗೆ ಧೈರ್ಯ ಬರಲಿಲ್ಲ. ಮಾವನವರು ಎರಡು ತಿಂಗಳು ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. "ನನ್ನ ಮನೆಯಲ್ಲಿ ನನ್ನ ಗಾಡಿ ನಾನು ಮುಟ್ಟಬಾರದಾ" ಎಂದು ಬಂದವರ ಮುಂದೆಲ್ಲ ಹೇಳಿದರು. ಅದೇ ಮಾತನ್ನು ಹೊರಗಿನ ಒಬ್ಬ ಅಧಿಕಾರಿ, ಪರೀಕ್ಷೆ ಮಾಡಿ, ಕಾಗದದ ಮೇಲೆ ಹೇಳಿದ್ದರೆ ಅವರು ಒಪ್ಪುತ್ತಿದ್ದರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವರು, ನಿಯಮ ಎಂದರೆ ಗೌರವ. ಈ ಕೆಲಸ ಮನೆಯವರ ತಲೆಗೆ ಬರಬಾರದು. ಅದಕ್ಕಾದರೂ ಟೆಸ್ಟ್ ಬೇಕು.

ನಿವೃತ್ತ ಬಸ್ ಚಾಲಕ

ನಾನು 31 ವರ್ಷ ಸಾರಿಗೆ ಸಂಸ್ಥೆಯಲ್ಲಿ ಸ್ಟೇರಿಂಗ್ ಹಿಡಿದವನು. ಜಾಸ್ತಿ ದಿನ ಚಿತ್ರದುರ್ಗ, ಬೆಂಗಳೂರು ರೂಟು. 60ಕ್ಕೆ ನಿವೃತ್ತಿ. ಬಸ್ ಓಡಿಸಲು ಇಷ್ಟೇ ವಯಸ್ಸು ಎಂದು ನಮ್ಮಲ್ಲಿ ಗೆರೆ ಇತ್ತು. ಕಣ್ಣು ಪರೀಕ್ಷೆಯೂ ಆಗಾಗ ಆಗುತ್ತಿತ್ತು. ನಿವೃತ್ತಿಯ ಮಾರನೇ ದಿನ ಅದೇ ಕಣ್ಣು, ಅದೇ ಕೈ ಇಟ್ಟುಕೊಂಡು ಸ್ವಂತ ಕಾರಿನಲ್ಲಿ ಅದೇ ಹೈವೇಗೆ ಹೋದೆ. ಯಾರೂ ಏನೂ ಕೇಳಲಿಲ್ಲ.

ಈಗ ನನಗೆ 68. ನನ್ನಲ್ಲಿ ಏನು ಕಡಿಮೆಯಾಗಿದೆ ಎಂದು ನನಗೇ ಗೊತ್ತಾಗುತ್ತದೆ. ಕತ್ತು ಪೂರ್ತಿ ತಿರುಗುವುದಿಲ್ಲ. ಬಾಡಾ ಕ್ರಾಸ್‌ನಲ್ಲಿ ಎಡಗಡೆಯಿಂದ ಬರುವ ಬೈಕು ತಡವಾಗಿ ಕಾಣುತ್ತದೆ. ರಾತ್ರಿ ಎಲ್‌ಇಡಿ ಲೈಟಿನ ಗಾಡಿ ಎದುರಾದರೆ ಮೂರು ನಾಲ್ಕು ಸೆಕೆಂಡು ಕತ್ತಲೆ. ಗಂಟೆಗೆ 60ರಲ್ಲಿ ಹೋಗುತ್ತಿದ್ದರೆ ಮೂರು ಸೆಕೆಂಡಿಗೆ ಐವತ್ತು ಮೀಟರ್ ಆಗುತ್ತದೆ. ಐವತ್ತು ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಅದಕ್ಕೆ ಕತ್ತಲಾದ ಮೇಲೆ ನಾನು ಕಾರು ಮುಟ್ಟುವುದಿಲ್ಲ. ಈ ಬುದ್ಧಿ ನನಗೆ ಬಂದಿದ್ದು ಕೆಲಸದಿಂದ. ಮೇಷ್ಟ್ರಿಗೆ, ಗುಮಾಸ್ತರಿಗೆ, ಅಂಗಡಿಯವರಿಗೆ ಇದನ್ನು ಯಾರು ಹೇಳಿಕೊಡುತ್ತಾರೆ? ಟೆಸ್ಟ್ ಇಡಿ, ನಾನೇ ಮೊದಲು ಬಂದು ನಿಲ್ಲುತ್ತೇನೆ.

ಜಗಳೂರು ಕಡೆಯ ರೈತ

ನೀವೆಲ್ಲ ಪ್ಯಾಟೆಯವರು. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳುತ್ತೇನೆ.

ನಮ್ಮೂರಿಗೆ ಬಸ್ಸು ಬರುವುದು ಬೆಳಿಗ್ಗೆ ಒಂದು, ಸಂಜೆ ಒಂದು. ಅಪ್ಪನಿಗೆ 69. ಬೆಳಿಗ್ಗೆ ಐದೂವರೆಗೆ ಎಕ್ಸ್‌ಎಲ್ ಗಾಡಿಯ ಮೇಲೆ ಹಾಲಿನ ಕ್ಯಾನ್ ಇಟ್ಟುಕೊಂಡು ಡೈರಿಗೆ ಹೋಗುತ್ತಾನೆ. ಬರುವಾಗ ಹುಲ್ಲು ತರುತ್ತಾನೆ. ಅವ್ವನಿಗೆ ಶುಗರ್, ತಿಂಗಳಿಗೆ ಒಂದು ಸಲ ಮಾತ್ರೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವನೂ ಅವನೇ. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ತಮ್ಮ ಹುಬ್ಬಳ್ಳಿಯಲ್ಲಿ. ಒಂದು ದಿನ ಅಧಿಕಾರಿ ಬಂದು "ನಿನಗೆ ವಯಸ್ಸಾಯಿತು, ಗಾಡಿ ಇಡು" ಎಂದರೆ ಹಾಲು ಯಾರು ಒಯ್ಯಬೇಕು? ಹೆಂಗಸರಿಗೆ ಶಕ್ತಿ ಯೋಜನೆಯ ಫ್ರೀ ಬಸ್ ಇದೆ ಎನ್ನುತ್ತೀರಿ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು, ಅದರಲ್ಲಿ ಅದು ನಡೆಯಲ್ಲ. ಗಂಡಸರಿಗೆ 60 ದಾಟಿದರೆ ಸರ್ಕಾರಿ ಬಸ್ಸಿನಲ್ಲಿ ಕಾಲು ಭಾಗ ರಿಯಾಯಿತಿ. ಬಸ್ಸೇ ಇಲ್ಲದ ಕಡೆ ರಿಯಾಯಿತಿ ಇಟ್ಟುಕೊಂಡು ಏನು ಮಾಡುವುದು?

ಸತ್ಯ ಹೇಳಬೇಕೆಂದರೆ ನಮ್ಮ ಸುತ್ತಮುತ್ತ ಎಕ್ಸ್‌ಎಲ್ ಓಡಿಸುವ ಬಹಳ ಜನ ವಯಸ್ಸಾದವರಿಗೆ ಲೈಸೆನ್ಸೇ ಇಲ್ಲ. ನೀವು ಎರಡನೇ ಟೆಸ್ಟ್ ಮಾತಾಡುತ್ತಿದ್ದೀರಿ, ಅವರಿಗೆ ಮೊದಲನೆಯದೇ ಆಗಿಲ್ಲ. ನಿಯಮ ಬಿಗಿ ಮಾಡಿದರೆ ಇರುವವರೂ ನವೀಕರಣಕ್ಕೆ ಹೋಗುವುದನ್ನು ಬಿಡುತ್ತಾರೆ. ಆಗ ಅವರ ಗಾಡಿ ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸ್ ಕಂಪನಿ ಕೊಟ್ಟ ದುಡ್ಡನ್ನು ಗಾಡಿ ಮಾಲೀಕನಿಂದಲೇ ವಾಪಸ್ ಕೇಳಬಹುದು. ಎರಡು ಎಕರೆ ಹೊಲ ಮಾರಬೇಕಾಗುತ್ತದೆ.

ವಿದ್ಯಾನಗರದ ಮಗ

ಅಣ್ಣ, ನಿಮ್ಮ ಮಾತು ಎರಡು ಸಲ ಓದಿದೆ. ನಾನು ಇದನ್ನು ಯೋಚಿಸಿರಲಿಲ್ಲ. ನಮ್ಮ ಮನೆಗೆ ಆಟೋ ಕರೆದರೆ ಐದು ನಿಮಿಷಕ್ಕೆ ಬರುತ್ತದೆ. ಅದಕ್ಕೇ ನನಗೆ ಟೆಸ್ಟ್ ಎನ್ನುವ ಮಾತು ಸುಲಭವಾಗಿ ಬಂತು. ಆದರೆ ಒಂದು ಕೇಳುತ್ತೇನೆ, ಕೋಪ ಬೇಡ. ನಿಮ್ಮ ಅಪ್ಪಾಜಿ ಬೆಳಿಗ್ಗೆ ಐದೂವರೆ ಕತ್ತಲಲ್ಲಿ ಹೋಗುವಾಗ ಅವರಿಗೆ ರಸ್ತೆ ಎಷ್ಟು ಕಾಣುತ್ತದೆ ಎಂದು ಯಾರಾದರೂ ಕೇಳಿದ್ದೀರಾ? ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ.

ಸಿಡ್ನಿಯಲ್ಲಿರುವ ದಾವಣಗೆರೆಯವಳು

ನಾನು ಪಿ.ಜೆ. ಬಡಾವಣೆಯಲ್ಲಿ ಬೆಳೆದವಳು. ಇಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 75 ಆದ ಮೇಲೆ ಪ್ರತಿ ವರ್ಷ ಡಾಕ್ಟರ್ ತಪಾಸಣೆ ಆಗಬೇಕು. 85 ಆದ ಮೇಲೆ ಎರಡು ವರ್ಷಕ್ಕೊಮ್ಮೆ ಗಾಡಿ ಓಡಿಸಿ ತೋರಿಸಬೇಕು. ಅದು ಬೇಡ ಎನ್ನುವವರಿಗೆ ಬೇರೆ ದಾರಿ ಇದೆ. ಮನೆಯ ಸುತ್ತಮುತ್ತ ಮಾತ್ರ ಓಡಿಸುವ ಲೈಸೆನ್ಸ್ ತೆಗೆದುಕೊಳ್ಳಬಹುದು. ನಮ್ಮ ಪಕ್ಕದ ಮನೆಯ ಅಜ್ಜಿ ಹಾಗೇ ಮಾಡಿದ್ದಾರೆ. ಅಂಗಡಿಗೆ, ಚರ್ಚಿಗೆ, ಮಗಳ ಮನೆಗೆ ಹೋಗಿ ಬರುತ್ತಾರೆ. ದೂರದ ಹೈವೇ ಬಿಟ್ಟಿದ್ದಾರೆ, ಬದುಕು ಬಿಟ್ಟಿಲ್ಲ. ಜಗಳೂರಿನ ಅಣ್ಣನ ಅಪ್ಪನಂಥವರಿಗೆ ಇದು ಸರಿಹೋಗುತ್ತದೆ ಅಲ್ವಾ? ಡೈರಿಗೆ ಹೋಗಲಿ, ಹೊಲಕ್ಕೆ ಹೋಗಲಿ, ಹೈವೇ ಹತ್ತುವುದು ಬೇಡ.

ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲಿ ಬರೀ ವಯಸ್ಸು ನೋಡಿ ಯಾವ ಟೆಸ್ಟೂ ಇಲ್ಲ, ಇದನ್ನೂ ಹೇಳಬೇಕು. ಒಂದೇ ದೇಶದಲ್ಲಿ ಎರಡು ನಿಯಮ. ಡೆನ್ಮಾರ್ಕ್‌ನಲ್ಲಿ ಲೈಸೆನ್ಸ್ ನವೀಕರಣಕ್ಕೆ ಹಿರಿಯರಿಗೆ ಇದ್ದ ಕಡ್ಡಾಯ ವೈದ್ಯಕೀಯ ತಪಾಸಣೆಯನ್ನು 2017ರಲ್ಲಿ ತೆಗೆದೇ ಹಾಕಿದರು. ಹಾಗಾಗಿ ಇಷ್ಟು ವಯಸ್ಸಿಗೆ ಟೆಸ್ಟ್ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ.

ಡ್ರೈವಿಂಗ್ ಸ್ಕೂಲ್ ಮೇಷ್ಟ್ರು

22 ವರ್ಷದಿಂದ ಕಲಿಸುತ್ತಿದ್ದೇನೆ. ಲೈಸೆನ್ಸ್ ಮುಗಿದು ಒಂದು ವರ್ಷ ದಾಟಿದರೆ ಈಗಲೂ ಮತ್ತೆ ಟೆಸ್ಟ್ ಕೊಡಲೇಬೇಕು. ಮರೆತು ಬಿಟ್ಟ ಹಿರಿಯರು ಹಾಗೆ ನನ್ನ ಹತ್ತಿರ ಬರುತ್ತಾರೆ. ಅವರ ಪಕ್ಕ ಕೂತು ನಾನು ಕಂಡಿದ್ದನ್ನು ಬರೆಯುತ್ತೇನೆ.

ಕೈ ಪಳಗಿದೆ. ಗೇರು, ಕ್ಲಚ್ಚು, ರಿವರ್ಸು, ಎಂಟು ಹಾಕುವುದು, ಎಲ್ಲಾ ನೀಟು. ಕೆಲವರು ಇಂಡಿಕೇಟರ್ ಜೊತೆ ಕೈಯನ್ನೂ ಹೊರಗೆ ಹಾಕಿ ತೋರಿಸುತ್ತಾರೆ, ನೋಡಲು ಸಂತೋಷವಾಗುತ್ತದೆ. ತೊಂದರೆ ಇರುವುದು ಒಮ್ಮೆಗೇ ನಾಲ್ಕು ಕಡೆ ಗಮನ ಕೊಡಬೇಕಾದಾಗ. ಗುಂಡಿ ಸರ್ಕಲ್‌ಗೆ ಕರೆದುಕೊಂಡು ಹೋದರೆ ಮುಂದಿನ ಆಟೋ ನೋಡುತ್ತಾರೆ, ಪಕ್ಕದಿಂದ ನುಗ್ಗುವ ಬೈಕು ನೋಡುವುದಿಲ್ಲ. ಟೆಸ್ಟ್ ಟ್ರ್ಯಾಕ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ಎಂಟು ಹಾಕುವುದರಲ್ಲಿ ಅವರು ಹುಡುಗರಿಗಿಂತ ಚೆನ್ನಾಗಿ ಪಾಸಾಗುತ್ತಾರೆ. ಅದೇ ಟೆಸ್ಟನ್ನು ಮತ್ತೆ ಇಟ್ಟರೆ ಅವರಿಗೆ ಬಿಸಿಲಲ್ಲಿ ಕ್ಯೂ ನಿಲ್ಲುವ ಶಿಕ್ಷೆ, ಮತ್ತೇನಿಲ್ಲ.

ಇನ್ನೊಂದು ವಿಷಯ ಮಕ್ಕಳು ತಿಳಿದುಕೊಳ್ಳಬೇಕು. "ಅಪ್ಪನಿಗೆ ಸುಲಭ ಆಗಲಿ" ಎಂದು ಗೇರಿಲ್ಲದ ಆಟೋಮ್ಯಾಟಿಕ್ ಕಾರು ಕೊಡಿಸುತ್ತೀರಿ. ಐವತ್ತು ವರ್ಷ ಕ್ಲಚ್ಚು ಒತ್ತಿದ ಎಡಗಾಲು ಗಾಬರಿಯಲ್ಲಿ ಏನನ್ನೋ ಒತ್ತುತ್ತದೆ. ಬಲಗಾಲು ಬ್ರೇಕ್ ಎಂದು ಎಕ್ಸಿಲೇಟರ್ ಒತ್ತುತ್ತದೆ. ಜಪಾನಿನ ಟೋಕಿಯೋದಲ್ಲಿ, ಇಕೆಬುಕುರೊ ಎನ್ನುವ ಕಡೆ, 2019ರ ಏಪ್ರಿಲ್‌ನಲ್ಲಿ 87 ವರ್ಷದವರೊಬ್ಬರ ಕಾರು ಜನರ ಮೇಲೆ ನುಗ್ಗಿ ತಾಯಿ ಮತ್ತು ಮೂರು ವರ್ಷದ ಮಗಳು ತೀರಿಕೊಂಡರು. ಕಾರೇ ಕೆಟ್ಟಿತ್ತು ಎಂದು ಅವರು ವಾದಿಸಿದರು. ಬ್ರೇಕ್ ಬದಲು ಎಕ್ಸಿಲೇಟರ್ ಒತ್ತಿದ್ದಾರೆ ಎಂದು 2021ರಲ್ಲಿ ಕೋರ್ಟು ಹೇಳಿತು, ಐದು ವರ್ಷ ಜೈಲು ಕೊಟ್ಟಿತು. ಅಲ್ಲಿ 75 ದಾಟಿದವರಿಗೆ ನವೀಕರಣದ ಹೊತ್ತಿಗೆ ನೆನಪಿನ ಶಕ್ತಿ ಪರೀಕ್ಷೆ ಆಗಲೇ ಇತ್ತು. ಆ ಘಟನೆಯ ನಂತರ ಬಹಳ ಹಿರಿಯರು ತಾವಾಗಿಯೇ ಲೈಸೆನ್ಸ್ ವಾಪಸ್ ಕೊಟ್ಟರು. 2022ರಿಂದ ಕೆಲವು ಸಂಚಾರ ನಿಯಮ ಮುರಿದ 75 ದಾಟಿದವರು ಗಾಡಿ ಓಡಿಸಿಯೂ ತೋರಿಸಬೇಕು.

ಹೊಸ ಕಾರು ಕೊಡಿಸಿದರೆ ದಯವಿಟ್ಟು ಖಾಲಿ ಮೈದಾನದಲ್ಲಿ ಒಂದು ವಾರ ಅಭ್ಯಾಸ ಮಾಡಿಸಿ.

ದುರ್ಗದ ಕಣ್ಣು ಪರೀಕ್ಷಕಿ

ಚಿತ್ರದುರ್ಗದಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಮೊದಲ ಪೋಸ್ಟ್ ಓದಿದಾಗಲೇ ನನಗೆ ಅನುಮಾನ ಬಂತು. "ಎದುರಿನ ಲೈಟ್ ಹೊಡೆಯಿತು, ಆಮೇಲೆ ಏನೂ ಕಾಣಲಿಲ್ಲ" ಎನ್ನುವ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಸಾಮಾನ್ಯವಾಗಿ ಅದು ಪೊರೆ. ಕಣ್ಣಿನ ಮಸೂರ ಮಬ್ಬಾದಾಗ ಬೆಳಕು ನೆಟ್ಟಗೆ ಒಳಗೆ ಹೋಗದೆ ಚದುರುತ್ತದೆ. ಹಗಲಲ್ಲಿ ಪೇಪರ್ ಓದುತ್ತಾರೆ, ಟಿವಿ ನೋಡುತ್ತಾರೆ. ರಾತ್ರಿ ಲೈಟ್ ಬಿದ್ದರೆ ಮುಂದೆಲ್ಲ ಬಿಳಿ ಪರದೆ. ಪೊರೆ ಇಲ್ಲದಿದ್ದರೂ ವಯಸ್ಸಾದ ಹಾಗೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ. 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು.

ನನಗೆ ಜಾಸ್ತಿ ಭಯ ಇರುವುದು ಗ್ಲಾಕೋಮಾ ಬಗ್ಗೆ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒಳಗಿನ ಒತ್ತಡ ಜಾಸ್ತಿಯಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಅದರಲ್ಲಿ ಪಕ್ಕದ ನೋಟ ಮೊದಲು ಹೋಗುತ್ತದೆ. ನೋವಿಲ್ಲ, ನೇರ ನೋಟ ಚೆನ್ನಾಗಿರುತ್ತದೆ, ಹಾಗಾಗಿ ಅವರಿಗೇ ಗೊತ್ತಾಗುವುದಿಲ್ಲ. ಗುಂಡಿ ಸರ್ಕಲ್‌ನಲ್ಲಿ ಪಕ್ಕದ ಬೈಕು ಕಾಣಲಿಲ್ಲ ಎಂದು ಮೇಷ್ಟ್ರು ಬರೆದಿದ್ದಾರಲ್ಲ, ಅಂಥವರಲ್ಲಿ ಕೆಲವರದು ಗಮನದ ಕೊರತೆ ಅಲ್ಲದೆಯೂ ಇರಬಹುದು. ಶುಗರ್ ಇರುವವರಿಗೆ ಕಣ್ಣಿನ ಒಳಪರದೆಯ ತೊಂದರೆ ಬೇರೆ.

ಹಾಗಾಗಿ ನನ್ನ ಮಾತು ಇಷ್ಟು. ಹೊಸ ಟೆಸ್ಟ್ ಬರುವ ತನಕ ಕಾಯಬೇಡಿ. ಇರುವ ಫಾರಂ 1ಎ ಸರಿಯಾಗಿ ತುಂಬಿದರೆ ಅರ್ಧ ಕೆಲಸ ಆಗುತ್ತದೆ. ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದಾ ಎನ್ನುವ ಪ್ರಶ್ನೆ ಅದರಲ್ಲೇ ಇದೆ. ಕ್ಲಿನಿಕ್ ಕೋಣೆಯಲ್ಲಿ 25 ಮೀಟರ್ ಜಾಗ ಎಲ್ಲಿರುತ್ತದೆ? ಎಲ್ಲರೂ "ಹೌದು" ಎಂದು ಬರೆಯುತ್ತಾರೆ. ನೀವು ಮನೆಯ ಮುಂದೆ ಟೇಪ್ ಹಿಡಿದು ಅಳತೆ ಮಾಡಿ. ಒಂದೊಂದು ಕಣ್ಣನ್ನು ಮುಚ್ಚಿ ಓದಿಸಿ. ಓದಲು ಆಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಓದಿದರೂ 60 ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ. ಪೊರೆ ತೆಗೆದ ಮೇಲೆ ಮತ್ತೆ ಚೆನ್ನಾಗಿ ಗಾಡಿ ಓಡಿಸುವವರು ಎಷ್ಟೋ ಜನ. ಕೀ ಕಿತ್ತುಕೊಳ್ಳುವ ಮೊದಲು ಕಣ್ಣು ತೋರಿಸಿ.

ಕೆಟಿಜೆ ನಗರದ ಹುಡುಗ

ಮೇಡಂ, ಈ 25 ಮೀಟರ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ಲೈಸೆನ್ಸ್ ಮಾಡಿಸುವಾಗ ಏಜೆಂಟ್ ಕೊಟ್ಟ ಕಡೆಯೆಲ್ಲ ಸಹಿ ಹಾಕಿದ್ದೆ.

ವಿದ್ಯಾನಗರದ ಮಗ

ಭಾನುವಾರ ಬೆಳಿಗ್ಗೆ ಮಾಡಿದೆವು.

ಅಪ್ಪಾಜಿಗೆ ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಅಮ್ಮನೇ ಹೇಳಿದಳು, "ಬನ್ನಿ, ಎಲ್ಲರೂ ಓದೋಣ" ಎಂದು. ಹೊಲ ಅಳೆಯುವ ಉದ್ದನೆಯ ಟೇಪ್ ಮನೆಯಲ್ಲೇ ಇತ್ತು. ಕಾರನ್ನು ರಸ್ತೆಯ ತುದಿಗೆ ನಿಲ್ಲಿಸಿದೆ. ನಮ್ಮ ಕಾರಿನ ನಂಬರ್ ಎಲ್ಲರಿಗೂ ಬಾಯಿಗೆ ಬರುತ್ತದೆ ಎಂದು ಅಮ್ಮ ನೆನಪಿಸಿದಳು. ಎದುರು ಮನೆಯವರ ಕಾರನ್ನು ಕೇಳಿ ತಂದು ನಿಲ್ಲಿಸಿದೆವು. ಅವರೂ ಹೊರಗೆ ಬಂದು ನಿಂತರು.

ಅಪ್ಪಾಜಿ "ಕೆಎ-17" ಎಂದು ಹೇಳಿ ನಿಂತರು. ಅದು ಓದಿದ್ದಲ್ಲ, ನಮ್ಮೂರಿನ ಗಾಡಿ ಎಲ್ಲಾ ಅದೇ ತಾನೆ. ಮುಂದಿನ ಅಂಕಿ ಬರಲಿಲ್ಲ. ಎರಡು ಹೆಜ್ಜೆ ಮುಂದೆ ಹೋದರು, ಮತ್ತೆ ಎರಡು ಹೆಜ್ಜೆ. ಹದಿನಾಲ್ಕು ಮೀಟರ್ ಹತ್ತಿರ ಬಂದಾಗ ಓದಿದರು. ಟೇಪ್ ನೋಡಿದರು, ನನ್ನನ್ನು ನೋಡಿದರು. "ಇಷ್ಟು ಆಗಿದೆಯಾ" ಎಂದರು. ಯಾರ ಮೇಲೂ ಕೋಪ ಇರಲಿಲ್ಲ. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ಅಂಕ ಹಾಕುತ್ತಿದ್ದವರು, ಲೆಕ್ಕ ಕಣ್ಣೆದುರಿಗೆ ಇದ್ದರೆ ಒಪ್ಪುತ್ತಾರೆ.

ಆಮೇಲೆ ಅಮ್ಮ ಓದಿದಳು, ಸಲೀಸಾಗಿ. ಎದುರು ಮನೆಯವರೂ ಓದಿದರು. ನನ್ನ ಸರದಿ ಬಂತು. ಎಡಗಣ್ಣಿಗೆ ಚೆನ್ನಾಗಿ ಕಂಡಿತು. ಬಲಗಣ್ಣಿಗೆ 8 ಯಾವುದು, 3 ಯಾವುದು ಗೊತ್ತಾಗಲಿಲ್ಲ. ನನಗೆ 43. ದಿನಾ ಎರಡು ಮಕ್ಕಳನ್ನು ಸ್ಕೂಟರ್ ಮೇಲೆ ಸ್ಕೂಲಿಗೆ ಬಿಡುವವನು ನಾನು. ಅಪ್ಪಾಜಿಗೆ ಟೆಸ್ಟ್ ಬೇಕು ಎಂದು ಇಲ್ಲಿ ಬರೆದವನೂ ನಾನೇ.

ಮೊದಲು ಬರೆದಿದ್ದನ್ನು ತಿದ್ದುತ್ತೇನೆ. ಹಿರಿಯರಿಗೆ ಮಾತ್ರ ಟೆಸ್ಟ್ ಎನ್ನುವ ಮಾತು ವಾಪಸ್ ತೆಗೆದುಕೊಂಡಿದ್ದೇನೆ. 40ರ ಫಾರಂನಿಂದಲೇ ನಿಜವಾದ ಕಣ್ಣು ಪರೀಕ್ಷೆ ಆಗಲಿ, ಕಣ್ಣಿನವರೇ ನೋಡಿ ಸಹಿ ಹಾಕಲಿ. 75ರ ನಂತರ ವರ್ಷಕ್ಕೊಮ್ಮೆ ಆಗಲಿ. ಗಾಡಿ ಓಡಿಸಿ ತೋರಿಸುವುದು, ಅಪಘಾತ ಆದವರಿಗೆ ಅಥವಾ ಡಾಕ್ಟರ್ ಅನುಮಾನ ಪಟ್ಟವರಿಗೆ ಇರಲಿ.

ಜಗಳೂರು ಕಡೆಯ ರೈತ

ಹಬ್ಬಕ್ಕೆ ಊರಿಗೆ ಹೋದಾಗ ನಾನೂ ಮಾಡಿದೆ. ಅಪ್ಪ ಎರಡೂ ಕಣ್ಣಲ್ಲಿ ಓದಿದ, ಮೂವತ್ತು ಮೀಟರ್‌ನಿಂದ. ಊರಿನ ಹುಡುಗರು ಚಪ್ಪಾಳೆ ಹೊಡೆದರು. ಆದರೆ ನೀವು ಕೇಳಿದ ಪ್ರಶ್ನೆ ತಲೆಯಲ್ಲಿತ್ತು. ಬೆಳಿಗ್ಗೆ ಐದೂವರೆಗೆ ಅವನ ಹಿಂದೆ ಕೂತು ಡೈರಿಗೆ ಹೋದೆ. ಗಾಡಿಯ ಹೆಡ್‌ಲೈಟ್ ನೆಲ ನೋಡುತ್ತಿತ್ತು, ಹಿಂದಿನ ಲೈಟ್ ಉರಿಯುತ್ತಲೇ ಇರಲಿಲ್ಲ. ಹಿಂದಿನಿಂದ ಟ್ರಾಕ್ಟರ್ ಬಂದರೆ ಅವನು ಕಾಣುವುದೇ ಇಲ್ಲ. ಕಣ್ಣು ಅವನದು ಸರಿ ಇತ್ತು. ಎರಡನ್ನೂ ರಿಪೇರಿ ಮಾಡಿಸಿದೆ, ಕ್ಯಾನ್‌ಗೆ ಕೆಂಪು ರೇಡಿಯಂ ಅಂಟಿಸಿದೆ. ಡೈರಿಗೆ ಬಂದ ಇನ್ನೂ ಆರು ಜನ "ನಮಗೂ ಅಂಟಿಸಪ್ಪ" ಎಂದರು.

ನಿಮ್ಮ ಅಪ್ಪಾಜಿ ಹೇಗಿದ್ದಾರೆ?

ವಿದ್ಯಾನಗರದ ಮಗ

ಎರಡೂ ಕಣ್ಣಿನಲ್ಲಿ ಪೊರೆ ಇದೆ ಎಂದರು ಅಣ್ಣ. ಎಡಗಣ್ಣಿನ ಆಪರೇಷನ್ ಮುಂದಿನ ಗುರುವಾರ, ಬಲಗಣ್ಣಿನದು ಒಂದು ತಿಂಗಳು ಬಿಟ್ಟು. ಒತ್ತಡ ಸರಿ ಇದೆ, ಗ್ಲಾಕೋಮಾ ಇಲ್ಲ. ನನಗೆ ಕನ್ನಡಕ ಬಂತು.

ಅವರು ಮೊನ್ನೆ ಆನಗೋಡಿಗೆ ಹೋಗಬೇಕು ಎಂದರು. ಹೊಲಕ್ಕೆ ಎಂದುಕೊಂಡೆ. ಆ ಹುಡುಗಿಯ ಮನೆಗಂತೆ. ಅವಳ ಸೈಕಲ್ಲಿಗೆ ಹೊಸ ಲೈಟು, ಬೆಲ್ಲು ತೆಗೆದುಕೊಂಡಿದ್ದರು. ನಾನು ಕಾರು ಓಡಿಸಿದೆ, ಅಪ್ಪಾಜಿ ಪಕ್ಕದಲ್ಲಿ ಕೂತಿದ್ದರು, ಅಮ್ಮ ಹಿಂದೆ. ಸರ್ವಿಸ್ ರಸ್ತೆಗೆ ಇಳಿದ ತಕ್ಷಣ, "ಕಲ್ಲು ಇಟ್ಟಿರುತ್ತಾರೆ, ನಿಧಾನ ಹೋಗು" ಎಂದರು.